81 ಮತ್ತು 65

ಗಾಲ್ಫ್ ದಾಂಡನ್ನು ನಾನು ಎಂದೂ ಕೈಯಲ್ಲಿ ಹಿಡಿದವನಲ್ಲ. ಆದರೂ ಆ ಆಟದ ಚರಿತ್ರೆಯ ಒಂದು ದಿನ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಗಾಲ್ಫ್ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನ ಹುಲ್ಲುಗಾವಲುಗಳಲ್ಲಿ. ಹುಲ್ಲು ಕತ್ತರಿಸುವ ಯಂತ್ರಗಳಿಲ್ಲದ ಕಾಲದಲ್ಲಿ, ಬೇಸಿಗೆಯ ಎತ್ತರದ ಹುಲ್ಲಿನಲ್ಲಿ ಚೆಂಡು ಕಾಣೆಯಾಗುತ್ತಿದ್ದುದರಿಂದ, ಜನರು ಹೆಚ್ಚಾಗಿ ಚಳಿಗಾಲದಲ್ಲಿಯೇ ಆಡುತ್ತಿದ್ದರು. ಕೊರೆಯುವ ಗಾಳಿಯೂ ಮಳೆಯೂ ಅವರಿಗೆ ಆಟದ ಅಂಗವೇ ಆಗಿದ್ದವು. 1744ರಲ್ಲಿ 13 ನಿಯಮಗಳನ್ನು ಬರೆದಿಟ್ಟ ಎಡಿನ್‌ಬರೋ ಆಟಗಾರರ ಸಂಘದ ಇಂದಿನ ಮೈದಾನ ಮ್ಯೂರ್‌ಫೀಲ್ಡ್.

2002ರ ಜುಲೈ 20ರಂದು ಅಲ್ಲಿ ಓಪನ್ ಚಾಂಪಿಯನ್‌ಷಿಪ್ಪಿನ ಮೂರನೆಯ ಸುತ್ತು. ಆ ವರ್ಷದ ಮಾಸ್ಟರ್ಸ್ ಮತ್ತು ಅಮೆರಿಕದ ಓಪನ್ ಎರಡನ್ನೂ ಗೆದ್ದಿದ್ದ ಟೈಗರ್ ವುಡ್ಸ್ ಅಗ್ರಸ್ಥಾನಕ್ಕಿಂತ ಕೇವಲ 2 ಹೊಡೆತ ಹಿಂದಿದ್ದರು. ಮಧ್ಯಾಹ್ನ ನಡುಬೇಸಿಗೆಯಲ್ಲಿಯೇ ಚಳಿಗಾಲ ಇಳಿದುಬಂದಂತೆ ಬಿರುಗಾಳಿ, ಮಳೆ. ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಮೇಲು. 71 ಹೊಡೆತಗಳು ನಿಗದಿಯಾದ ಆ ಮೈದಾನದಲ್ಲಿ ವುಡ್ಸ್ ತೆಗೆದುಕೊಂಡದ್ದು 81. ವೃತ್ತಿಪರರಾದ ಮೇಲೆ ಅಲ್ಲಿಯವರೆಗಿನ ಅವರ ಅತಿ ಕೆಟ್ಟ ಸುತ್ತು. 17ನೆಯ ಕುಳಿಯಲ್ಲಿ ಮೊದಲ ಬಾರಿಗೆ ಒಂದು ಹೊಡೆತ ಉಳಿಸಿದಾಗ, ಗೆದ್ದವರಂತೆ ತೋಳುಗಳನ್ನೆತ್ತಿ ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡರು.

ಚಳಿಗೆ ಬೆರಳು ಮರಗಟ್ಟುತ್ತದೆ, ಒದ್ದೆಯಾದ ಹಿಡಿಕೆ ಜಾರುತ್ತದೆ. ಆದರೆ ಹೆಚ್ಚಿನ ಹಾನಿ ಮನಸ್ಸಿನದು. ಕಳೆದುಕೊಂಡ ಹೊಡೆತವನ್ನೇ ನೆನೆಯುತ್ತ ಮುಂದಿನದನ್ನು ಹೊಡೆಯುವುದು, ಬೆಳಗಿನ ಒಳ್ಳೆಯ ಹವೆಯಲ್ಲಿ ಆಡಿ ಮುಗಿಸಿದವರನ್ನು ಕಂಡು ಕರುಬುವುದು — ಇವು ಗಾಳಿಗಿಂತ ದೊಡ್ಡ ಶತ್ರುಗಳು. ಅದೇ ಬಿರುಗಾಳಿಯಲ್ಲಿ ದಕ್ಷಿಣ ಆಫ್ರಿಕದ ಎರ್ನಿ ಎಲ್ಸ್ 72ರಲ್ಲಿ ಮುಗಿಸಿದರು. ಮನಸ್ಸಿನ ಶಿಕ್ಷಣಕ್ಕೆಂದೇ ಅವರಿಗೆ ಬೆಲ್ಜಿಯಂನ ಒಬ್ಬ ಗುರುವಿದ್ದರು. ಮರುದಿನ 16ನೆಯ ಕುಳಿಯಲ್ಲಿ ಎಲ್ಸ್ 2 ಹೊಡೆತ ಕಳೆದುಕೊಂಡರು, 17ರಲ್ಲಿ ಒಂದನ್ನು ಮರಳಿ ಪಡೆದರು, ನಾಲ್ವರ ಹೆಚ್ಚುವರಿ ಸ್ಪರ್ಧೆಯಲ್ಲಿ ಗೆದ್ದರು.

ವುಡ್ಸ್? ಪ್ರಶಸ್ತಿಯ ಆಸೆ ಮುಗಿದಿದ್ದರೂ ಮರುದಿನ ಬಂದರು. 65 ಹೊಡೆತಗಳಲ್ಲಿ ಸುತ್ತು ಮುಗಿಸಿದರು.

ನಾನು ಶಿಕ್ಷಕನಾಗಿದ್ದಾಗ ಒಬ್ಬ ಹುಡುಗ ಗಣಿತದ ಪತ್ರಿಕೆ ಕೆಟ್ಟಿತೆಂದು ಉಳಿದ ಪರೀಕ್ಷೆಗಳಿಗೆ ಬರಲೇ ಇಲ್ಲ. ಮನೆಗೆ ಹೋಗಿ ಕರೆತರಬಹುದಿತ್ತು. ಸಿಟ್ಟಿನಲ್ಲಿ ನಾನು ಹೋಗಲಿಲ್ಲ. ಆ ತಪ್ಪು ನನ್ನದು. ಅವನು ಇದನ್ನು ಓದುತ್ತಿದ್ದರೆ ಕ್ಷಮಿಸಲಿ. ಅವನ ವಯಸ್ಸಿನ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, 81ರ ಮರುದಿನ 65 ಬಂದ ಈ ಕಥೆಯನ್ನು ದಯವಿಟ್ಟು ಹೇಳಿ.