ಎಲೆಯ ಮಚ್ಚೆ ಮತ್ತು ಒಂದು ತಪ್ಪು ಹೆಸರು

ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡ ಸಸ್ಯವಿಜ್ಞಾನಿಗಳಿಗೆ ಅಚ್ಚುಮೆಚ್ಚು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿದ್ದ, ಹಂಗೇರಿ ಮೂಲದ ಜಾರ್ಜ್ ರೆಡೆಯ್ 1973ರಲ್ಲಿ ಈ ಗಿಡದ ಒಂದು ವಿಚಿತ್ರ ಉತ್ಪರಿವರ್ತಿತ ತಳಿಯನ್ನು ವರದಿ ಮಾಡಿದರು. ಅದರ ಎಲೆಗಳಲ್ಲಿ ಹಸಿರಿನ ನಡುವೆ ಬಿಳಿ ಮಚ್ಚೆಗಳು. ದೋಷವಿದ್ದದ್ದು ಕೋಶಕೇಂದ್ರದ ಜೀನಿನಲ್ಲಿ. ಆದರೆ ಮಚ್ಚೆಯ ಗಿಡವನ್ನು ತಾಯಿಯಾಗಿಟ್ಟು ಆರೋಗ್ಯವಂತ ಗಿಡದ ಪರಾಗ ಕೊಟ್ಟರೂ ಸಂತತಿಯಲ್ಲಿ ಮಚ್ಚೆ ಉಳಿಯುತ್ತಿತ್ತು; ಮಚ್ಚೆಯ ಗಿಡದ ಪರಾಗವನ್ನು ಹಸಿರು ಗಿಡಕ್ಕೆ ಕೊಟ್ಟರೆ ಮಚ್ಚೆ ಬರುತ್ತಿರಲಿಲ್ಲ. ಅಂದರೆ, ಜೀನು ಸರಿಹೋದರೂ ಅದು ಕೋಶಕೇಂದ್ರದ ಹೊರಗೆ ಮಾಡಿದ ಹಾನಿ ಸರಿಹೋಗುತ್ತಿರಲಿಲ್ಲ. ಹಸಿರು ಎಂದರೆ ಕ್ಲೋರೊಪ್ಲಾಸ್ಟ್ ತಾನೆ? ಜೀನಿಗೆ ‘ಕ್ಲೋರೊಪ್ಲಾಸ್ಟ್ ಮ್ಯುಟೇಟರ್’ ಎಂಬ ಹೆಸರು ಬಿತ್ತು.

1992ರಲ್ಲಿ ಮಾರ್ಟಿನೆಜ್-ಝಪಾಟೆರ್ ಮತ್ತು ಸಂಗಡಿಗರು ಈ ಗಿಡಗಳನ್ನು ಪರೀಕ್ಷಿಸಿದಾಗ ಅಸ್ತವ್ಯಸ್ತಗೊಂಡದ್ದು ಕಂಡದ್ದು ಮೈಟೊಕಾಂಡ್ರಿಯದ ಡಿಎನ್‌ಎ! ಮಾನವನ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ 16,569 ಬೇಸ್ ಜೋಡಿಗಳಿದ್ದರೆ, ಅರಾಬಿಡಾಪ್ಸಿಸ್‌ನಲ್ಲಿ ಸುಮಾರು 3.67 ಲಕ್ಷ. ಅದರಲ್ಲಿ ಒಂದೇ ಬರಹ ಹಲವೆಡೆ ಪುನರಾವರ್ತನೆಯಾಗಿದೆ. ಕರಿಹಲಗೆಯಲ್ಲಿ ಒಂದೇ ಸಾಲು ಎರಡು ಕಡೆ ಇದ್ದರೆ, ನಕಲು ಮಾಡುವ ವಿದ್ಯಾರ್ಥಿಯ ಕಣ್ಣು ಒಂದರಿಂದ ಇನ್ನೊಂದಕ್ಕೆ ಹಾರಿ ನಡುವಿನ ಪಾಠವೇ ತಪ್ಪಿಹೋಗುವುದನ್ನು ಶಿಕ್ಷಕರು ಬಲ್ಲರು. ಹೆಚ್ಚುಕಡಿಮೆ ಅಂಥದೇ ಅನಾಹುತ ಇಲ್ಲೂ ಆಗಿತ್ತು. ಮೈಟೊಕಾಂಡ್ರಿಯ ಕೆಟ್ಟರೆ ಎಲೆ ಬಿಳಿಚಬಹುದೇ ಎಂಬ ಸಂಶಯ ಸಹಜ. ಮೆಕ್ಕೆಜೋಳದಲ್ಲಿ ಮೈಟೊಕಾಂಡ್ರಿಯದ ಜೀನು ಕೆಟ್ಟಾಗಲೂ ಎಲೆಗಳಲ್ಲಿ ತಿಳಿಬಣ್ಣದ ಪಟ್ಟೆಗಳು ಮೂಡುತ್ತವೆ.

ಜೀನು ಕೈಗೆ ಸಿಕ್ಕಿದ್ದು 2003ರಲ್ಲಿ, ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸ್ಯಾಲಿ ಮೆಕೆಂಝಿ ಅವರ ತಂಡಕ್ಕೆ. ಬ್ಯಾಕ್ಟೀರಿಯಗಳಲ್ಲಿ ಡಿಎನ್‌ಎಗೆ ಅಂಟಿಕೊಂಡು, ತಪ್ಪಾಗಿ ಜೋಡಿಯಾದ ಬೇಸ್‌ಗಳನ್ನು ಗುರುತಿಸುವ ಮ್ಯೂಟ್‌ಎಸ್ ಪ್ರೋಟೀನಿನ ಬಂಧುವನ್ನೇ ಅದು ತಯಾರಿಸುತ್ತಿತ್ತು. ಹೆಸರು ಎಂಎಸ್‌ಎಚ್1 ಎಂದಾಯಿತು. ಈ ಕಾವಲುಗಾರನನ್ನು ತಂಬಾಕು ಮತ್ತು ಟೊಮ್ಯಾಟೊ ಗಿಡಗಳಲ್ಲಿ ಅಡಗಿಸಿದಾಗ ಮೈಟೊಕಾಂಡ್ರಿಯದ ಡಿಎನ್‌ಎ ಮರುಜೋಡಣೆಗೊಂಡು, ಪುಂವಂಧ್ಯ ಗಿಡಗಳು ಹುಟ್ಟಿದವೆಂದು ಇದೇ ತಂಡ 2007ರಲ್ಲಿ ತೋರಿಸಿತು. ಹೈಬ್ರಿಡ್ ಬೀಜೋತ್ಪಾದನೆಯ ಪರಿಚಯವಿದ್ದವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ರೆಡೆಯ್ ಇಟ್ಟ ಹೆಸರು ಪೂರ್ತಿ ತಪ್ಪೇ? ಹಾಗೆನ್ನಲಾಗದು. ಈ ಪ್ರೋಟೀನು ಕ್ಲೋರೊಪ್ಲಾಸ್ಟ್‌ನ ಡಿಎನ್‌ಎಯನ್ನೂ ಕಾಯುತ್ತದೆ ಎಂದು 2011ರಲ್ಲಿ ತಿಳಿಯಿತು. 2020ರಲ್ಲಿ ಕೊಲೊರಾಡೊದ ಡೇನಿಯಲ್ ಸ್ಲೋನ್ ಅವರ ತಂಡ, ಎಂಎಸ್‌ಎಚ್1 ಇಲ್ಲದ ಗಿಡಗಳಲ್ಲಿ ಎರಡೂ ಕಣದಂಗಗಳ ಬಿಡಿ ಅಕ್ಷರದೋಷಗಳು ಬಹಳವಾಗಿ ಹೆಚ್ಚುವುದನ್ನು ಅಳೆದು ತೋರಿಸಿತು.