ನಾಗರಖಂಡದಲ್ಲಿ ಅಧಿಕಾರ ಬಿಟ್ಟವರು

ಶಿರಾಳಕೊಪ್ಪದ ಸುತ್ತಲಿನ ಸೀಮೆ, ಅಂದರೆ ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು, ಶಾಸನಗಳ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರದ (ಹನ್ನೆರಡು ಸಾವಿರದ) ಒಳನಾಡುಗಳಾಗಿದ್ದವು. ನಾಗರಖಂಡ ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು, ಎಡೆನಾಡು ಎಪ್ಪತ್ತು ಎಂಬ ಹೆಸರುಗಳು ಇಲ್ಲಿನ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಧಿಕಾರ ಹಿಡಿದವರ ವಿವರ ಎಲ್ಲ ನಾಡಿನ ಶಾಸನಗಳಲ್ಲೂ ಸಿಗುತ್ತದೆ. ಅಧಿಕಾರವನ್ನು ತಾವಾಗಿ ಬಿಟ್ಟು, ಮುಂದೇನು ಎಂದು ನಿರ್ಧರಿಸಿದವರ ವಿವರ ಅಪರೂಪ. ಈ ಸೀಮೆಯಲ್ಲಿ ಅಂಥದೊಂದು ದಾಖಲೆ ಹತ್ತನೆಯ ಶತಮಾನದಷ್ಟು ಹಿಂದಿನದು.

ಅದು ಬಂದಳಿಕೆಯ ಜಕ್ಕಿಯಬ್ಬೆಯ ಶಾಸನ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ, ಅಂದರೆ ನಾಡಿನ ಅಧಿಕಾರಿಯಾಗಿದ್ದ ನಾಗಾರ್ಜುನ 911ರ ಸುಮಾರಿಗೆ ತೀರಿಕೊಂಡ. ಅವನ ಹುದ್ದೆ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಆಡಳಿತದಲ್ಲಿ ಸಮರ್ಥೆ, ಜಿನಶಾಸನದಲ್ಲಿ ನಿಷ್ಠೆಯುಳ್ಳವಳು ಎಂದು ಶಾಸನ ಅವಳನ್ನು ಹೊಗಳುತ್ತದೆ. ಹೆಣ್ಣಾದರೂ ನಾಡನ್ನು ಚೆನ್ನಾಗಿ ಆಳಿದಳು ಎಂಬ ಮಾತನ್ನೂ ಸೇರಿಸುತ್ತದೆ. ಬರೆಸಿದವರಿಗೆ ಅದೊಂದು ವಿಶೇಷವಾಗಿ ಕಂಡಿರಬೇಕು. ಕೆಲವು ವರ್ಷ ಆಳಿದ ಮೇಲೆ ಅವಳಿಗೆ ಕಾಯಿಲೆ ಬಂತು. ಸಂಸಾರದ ಭೋಗಗಳಲ್ಲಿ ಸಾರವಿಲ್ಲವೆಂದು ತೀರ್ಮಾನಿಸಿ, ಮಗಳನ್ನು ಕರೆಸಿ, ತನ್ನದನ್ನೆಲ್ಲ ಅವಳಿಗೆ ಒಪ್ಪಿಸಿ, ಬಂದಳಿಕೆಯ ತೀರ್ಥಕ್ಕೆ ಬಂದಳು. ಶಕ 840ರಲ್ಲಿ, ಅಂದರೆ 918ರಲ್ಲಿ, ಅಲ್ಲಿನ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು.

ಹುದ್ದೆ ಬಿಡುವ ಕಾರಣ, ಉತ್ತರಾಧಿಕಾರದ ವ್ಯವಸ್ಥೆ, ಬಿಟ್ಟ ಮೇಲಿನ ಗುರಿ ಈ ಮೂರೂ ಒಂದೇ ಶಾಸನದಲ್ಲಿವೆ. ಅವಳಿಗೆ ಬಿಡುವಿನ ವೇಳೆಯೆಂಬುದು ಇರಲಿಲ್ಲ. ಅಧಿಕಾರ ಮುಗಿದ ಗಳಿಗೆಗೇ ವ್ರತದ ದಿನಚರಿ ಶುರುವಾಯಿತು. ಅವಳು ಹಿಡಿದ ಸಲ್ಲೇಖನ ವ್ರತದಲ್ಲಿ ಆಹಾರವನ್ನು ಹಂತಹಂತವಾಗಿ ಕಡಿಮೆ ಮಾಡುತ್ತ, ಧ್ಯಾನದಲ್ಲಿ ಮನಸ್ಸನ್ನು ನಿಲ್ಲಿಸಿ ಸಾವನ್ನು ಎದುರುಗೊಳ್ಳುತ್ತಾರೆ. ಹೀಗೆ ದೇಹ ಬಿಟ್ಟವರಿಗೆ ನಿಲ್ಲಿಸಿದ ನಿಷಿಧಿ ಕಲ್ಲುಗಳು ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ ಸಾಲುಸಾಲಾಗಿ ಸಿಕ್ಕಿವೆ. ಅವು ಹೆಚ್ಚಾಗಿ ಗೌಡ ಮನೆತನಗಳ ಗಂಡಸರು ಮತ್ತು ಹೆಂಗಸರವು. ರಾಜರ ಪಾಲಿಗಷ್ಟೇ ಮೀಸಲಾದ ದಾರಿ ಇದಾಗಿರಲಿಲ್ಲವೆಂಬುದಕ್ಕೆ ಅವೇ ಸಾಕ್ಷಿ.

ಶಿರಾಳಕೊಪ್ಪದಿಂದ ಕಾಲ್ನಡಿಗೆಯ ದೂರದಲ್ಲಿರುವ ಬಳ್ಳಿಗಾವಿಯಲ್ಲಿ ಬೇರೊಂದು ದಾರಿಯಿತ್ತು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖ ಶೈವರ ಕೋಡಿಯ ಮಠವನ್ನು 1162ರ ಶಾಸನವೊಂದು ವಿಸ್ತಾರವಾಗಿ ಬಣ್ಣಿಸುತ್ತದೆ. ವೇದ, ವ್ಯಾಕರಣ, ಷಡ್ದರ್ಶನ, ಯೋಗಶಾಸ್ತ್ರ, ಪುರಾಣಗಳ ಪಾಠ ಅಲ್ಲಿ ನಡೆಯುತ್ತಿತ್ತು. ದೀನರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ ಅನ್ನ ಸಿಗುತ್ತಿತ್ತು. ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸ ಎಂಬ ಬಗೆಬಗೆಯ ಸಂನ್ಯಾಸಿಗಳಿಗೂ ಜೈನ ಕ್ಷಪಣಕರಿಗೂ ಊಟವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯಿತ್ತು. ಮನೆ ಬಿಟ್ಟು ಬಂದವನೊಬ್ಬ ಉಳಿದ ವರ್ಷಗಳನ್ನು ಓದಿನಲ್ಲೋ ಸೇವೆಯಲ್ಲೋ ಕಳೆಯಲು ಬೇಕಾದದ್ದೆಲ್ಲ ಒಂದೇ ಕಡೆ ಇದ್ದ ಸ್ಥಳ ಅದು. ಧರ್ಮಶಾಸ್ತ್ರ ಹೇಳುವ ವಾನಪ್ರಸ್ಥಕ್ಕೆ ಕಾಡೇ ಬೇಕು. ಬಳ್ಳಿಗಾವಿಯಂಥ ಪೇಟೆಯಲ್ಲಿ ಮಠವೇ ಆ ಕೊರತೆಯನ್ನು ತುಂಬಿತೆನ್ನಬಹುದು.

ಹದಿನಾರನೆಯ ಶತಮಾನದಲ್ಲಿ ಈ ಸೀಮೆ ಕೆಳದಿ ನಾಯಕರ ಆಳ್ವಿಕೆಗೆ ಬಂತು. ಆ ಮನೆತನದ ದೊಡ್ಡ ಸಂಕಣ್ಣ ನಾಯಕ ಪಟ್ಟವನ್ನು ತಮ್ಮ ಚಿಕ್ಕ ಸಂಕಣ್ಣ ನಾಯಕನಿಗೆ ಒಪ್ಪಿಸಿ ತೀರ್ಥಯಾತ್ರೆಗೆ ಹೊರಟನೆಂದು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಹೇಳುತ್ತದೆ. ದೆಹಲಿಯಲ್ಲಿ ಅಂಕುಶಖಾನನೆಂಬ ಜಟ್ಟಿಯನ್ನು ಕತ್ತಿವರಸೆಯಲ್ಲಿ ಸೋಲಿಸಿದ ಕಥೆಯೂ ಅದರಲ್ಲಿದೆ. ವಂಶದ ಕೀರ್ತಿಗೆಂದು ಎರಡು ಶತಮಾನಗಳ ಬಳಿಕ ಬರೆದ ಕಾವ್ಯವಾದ್ದರಿಂದ ಇದನ್ನು ಸ್ವಲ್ಪ ಉಪ್ಪು ಖಾರ ತೆಗೆದೇ ಓದಬೇಕು. ಹಾಗಿದ್ದರೂ ಪಟ್ಟ ಬಿಟ್ಟವನಿಗೆ ಯಾತ್ರೆ ಒಪ್ಪುವ ಕೆಲಸವೆಂಬ ನಂಬಿಕೆ ಆ ಕಾಲದ್ದೇ.

ಸಾಮಾನ್ಯರಲ್ಲಿ ಹೆಚ್ಚಿನವರ ಪಾಲಿಗೆ ಇದಾವುದೂ ಇರಲಿಲ್ಲ. ಗದ್ದೆಗೆ ಇಳಿಯಲಾಗದ ಮುದುಕ ಜಗಲಿಯಲ್ಲಿ ಕೂತು ಅಡಿಕೆ ಸುಲಿದ, ಹಗ್ಗ ಹೊಸೆದ, ಮೊಮ್ಮಕ್ಕಳನ್ನು ಕಾದ. ಸೊರಬದ ಗುಡಿಗಾರರ ಮನೆಗಳಲ್ಲಿ ಗಂಧದ ಕೆತ್ತನೆ ಅಜ್ಜನಿಂದ ಮೊಮ್ಮಗನಿಗೆ ಕೈಯಿಂದ ಕೈಗೆ ಬಂತು. ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ ಬರೆಯುವುದನ್ನು ಸೊಸೆಯಂದಿರು ಹಿರಿಯ ಹೆಂಗಸರಿಂದಲೇ ಕಲಿತರು. ಕೆಲಸ ಹಗುರವಾಗುತ್ತಿತ್ತು, ನಿಲ್ಲುತ್ತಿರಲಿಲ್ಲ.

ಪಟೇಲ ಮತ್ತು ಶಾನುಭೋಗರ ಹುದ್ದೆಗಳೂ ಹೀಗೆಯೇ ವಂಶಪಾರಂಪರ್ಯವಾಗಿ ಬಂದವು. ಶಾನುಭೋಗನ ಮನೆಯ ಜಗಲಿಯೇ ಕಚೇರಿ, ಪಹಣಿ ಮತ್ತು ಕಂದಾಯದ ಲೆಕ್ಕದ ಕಟ್ಟುಗಳು ಒಳಗಿನ ಪೆಟ್ಟಿಗೆಯಲ್ಲಿ. ಮಗ ಪಕ್ಕದಲ್ಲಿ ಕೂತು ಬರೆದು ಕಲಿತು, ಅಪ್ಪನ ಕಣ್ಣು ಮಂಜಾಗುವ ಹೊತ್ತಿಗೆ ಲೆಕ್ಕ ಹಿಡಿದಿರುತ್ತಿದ್ದ. ಗ್ರಾಮಾಧಿಕಾರಿಗಳ ಹುದ್ದೆ ರದ್ದತಿಗೆ 1961ರಲ್ಲಿ ಆದ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಈ ವ್ಯವಸ್ಥೆ ಕೊನೆಗೊಂಡಿತು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಪಟೇಲ ಎಂಬ ಹೆಸರು ಮನೆತನಗಳಿಗೆ ಅಂಟಿಕೊಂಡು ಉಳಿಯಿತು, ಅಧಿಕಾರ ಉಳಿಯಲಿಲ್ಲ. ಸೀಮೆಯ ಚರಿತ್ರೆಯಲ್ಲಿ ಇಷ್ಟು ಜನ ಒಮ್ಮೆಗೇ ಹುದ್ದೆ ಕಳೆದುಕೊಂಡದ್ದು ವಿರಳ.

ಇಂತಿಷ್ಟು ವಯಸ್ಸಿಗೆ ಕೆಲಸ ಮುಗಿಯುತ್ತದೆ ಎಂಬ ಕಲ್ಪನೆ ಸರ್ಕಾರಿ ನೌಕರಿಯ ಜೊತೆ ಬಂದದ್ದು. ಜರ್ಮನಿ 1889ರಲ್ಲಿ 70 ವರ್ಷ ದಾಟಿದ ಕೆಲಸಗಾರರಿಗೆ ಪಿಂಚಣಿಯ ಕಾನೂನು ತಂದಿತು. ಭಾರತದ ಪಿಂಚಣಿ ಕಾಯ್ದೆ ಅದಕ್ಕೂ ಹಿಂದಿನದು, 1871ರದು. ಕರ್ನಾಟಕ ಸರ್ಕಾರ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದು 2008ರಲ್ಲಿ, ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ. ಹಳ್ಳಿಗಳ ಹಿರಿಯ ಶಿಕ್ಷಕರಲ್ಲಿ ಅನೇಕರು ನಿವೃತ್ತರಾಗುವುದು ಮೇ 31ಕ್ಕೆ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರು. ಆ ದಿನ ಶಾಲು, ಹಾರ, ಫಲತಾಂಬೂಲ. ಮುಂದೆ ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ. ಜಕ್ಕಿಯಬ್ಬೆ ಕಾಯಿಲೆ ನೋಡಿ ಹುದ್ದೆ ಬಿಟ್ಟಳು. ಈಗ ಗಟ್ಟಿಮುಟ್ಟಾಗಿರುವವರೂ ದಿನಾಂಕ ನೋಡಿ ಬಿಡಬೇಕು. ಹೊತ್ತು ಕಳೆಯುವುದು ಹೇಗೆಂಬ ಪ್ರಶ್ನೆ ಹುಟ್ಟಿದ್ದು ಈ ವ್ಯತ್ಯಾಸದಿಂದ.

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕಂಡುಕೊಂಡವರಲ್ಲಿ ಇದೇ ಶಾಸನಗಳ ಅಧ್ಯಯನಕಾರರೂ ಇದ್ದಾರೆ. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಪ್ರಕಟಿಸಿದ, ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಶಾಸನಗಳ ಆಧಾರದಿಂದ ಕಟ್ಟಿಕೊಟ್ಟ ಅವರ ಪುಸ್ತಕ ಬಂದದ್ದು 1909ರಲ್ಲಿ. ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು 1922ರಲ್ಲಿ ನಿವೃತ್ತರಾದರು. ಅವರ ‘ಕರ್ಣಾಟಕ ಕವಿಚರಿತೆ’ಯ ಮೂರನೆಯ ಸಂಪುಟ 1929ರದು. ಇಬ್ಬರೂ ಹೊಸ ಹವ್ಯಾಸ ಹುಡುಕಲಿಲ್ಲ, ಕಚೇರಿಯ ಕೆಲಸದಿಂದಾಗಿ ಉಳಿದುಹೋಗಿದ್ದನ್ನು ಕೈಗೆತ್ತಿಕೊಂಡರು.

ಮುಂದೆ ನಿವೃತ್ತರಾಗುವವರಿಗೆ ಹೊತ್ತಿನ ಜೊತೆ ಹಣದ ಪ್ರಶ್ನೆಯೂ ಇದೆ. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರದ ನೌಕರಿಗೆ ಸೇರಿದವರಿಗೆ ಹೊಸ ಪಿಂಚಣಿ ಯೋಜನೆ ಜಾರಿಯಾಯಿತು. ಅದರಲ್ಲಿ ಕೊನೆಯ ಸಂಬಳಕ್ಕೆ ತಕ್ಕ ನಿಶ್ಚಿತ ಪಿಂಚಣಿಯಿಲ್ಲ. ಕೈಗೆ ಬರುವ ಹಣ ಸೇವಾವಧಿಯಲ್ಲಿ ತುಂಬಿದ ವಂತಿಗೆ ಮತ್ತು ಮಾರುಕಟ್ಟೆಯ ಏರಿಳಿತವನ್ನು ಅವಲಂಬಿಸಿದೆ.