ಚೈನೋ, ಚಕ್ರವೋ? ಓಡುವ ಯಂತ್ರಗಳ ಕಥೆ



ಊರ ಕೆರೆಯ ಹೂಳು ತೆಗೆಯುವ ಕೆಲಸವನ್ನು ನೀವೆಲ್ಲ ನೋಡಿರುತ್ತೀರಿ. ಜೆಸಿಬಿ ತಾನೇ ರಸ್ತೆಯಲ್ಲಿ ಓಡಿ ಬರುತ್ತದೆ, ಸಂಜೆ ತಾನೇ ಓಡಿ ಹೋಗುತ್ತದೆ. ನಮ್ಮ ಜನ 'ಹಿಟಾಚಿ' ಎಂದು ಕರೆಯುವ ದೊಡ್ಡ ಯಂತ್ರವಾದರೋ ಮದುವಣಿಗನ ಹಾಗೆ ಲಾರಿಯ ಮೇಲೆ ಕುಳಿತು ಬರುತ್ತದೆ. ಆದರೆ ಕೆಸರಿಗೆ ಇಳಿಯಬೇಕಾದಾಗ ಜೆಸಿಬಿ ದಡದಲ್ಲೇ ನಿಲ್ಲುತ್ತದೆ, ಹಿಟಾಚಿ ನಿಶ್ಚಿಂತೆಯಿಂದ ಇಳಿಯುತ್ತದೆ. ಒಂದಕ್ಕೆ ಚಕ್ರ, ಇನ್ನೊಂದಕ್ಕೆ ಉಕ್ಕಿನ ಚೈನ್ ಪಟ್ಟಿ. ವ್ಯತ್ಯಾಸ ಇಷ್ಟೇ.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಪುಟ್ಟ ರೋಬೋಟ್ ಮಾಡಲು ಹೊರಟ ಮಕ್ಕಳು ಮೊದಲು ಕೇಳುವ ಪ್ರಶ್ನೆಯೂ ಇದೇ: "ಸರ್, ಚೈನ್ ಹಾಕೋಣವೇ, ಚಕ್ರ ಹಾಕೋಣವೇ?" ಹುಡುಗರ ಮನಸ್ಸು ಸಾಮಾನ್ಯವಾಗಿ ಚೈನಿನ ಕಡೆಗೇ ಇರುತ್ತದೆ. ಟ್ಯಾಂಕಿನ ಹಾಗೆ ಕಾಣುತ್ತದಲ್ಲವೇ! ನಾನು ಭಾಷಾ ಶಿಕ್ಷಕ, ಮೋಟರು ಮತ್ತು ಗೇರಿನ ಲೆಕ್ಕವನ್ನು ವಿಜ್ಞಾನದ ಮೇಷ್ಟ್ರು ಹೇಳಿಕೊಡಲಿ. ಆದರೆ ಈ ಪ್ರಶ್ನೆಯನ್ನು ನಿಮಗಿಂತ ಮೊದಲು ಬಹಳ ದೊಡ್ಡವರು ಕೇಳಿಕೊಂಡಿದ್ದಾರೆ. ಅವರಲ್ಲಿ ಕೆಲವರ ಯಂತ್ರ ಹೋಗಬೇಕಾಗಿದ್ದುದು ಚಂದ್ರನ ಮೇಲಕ್ಕೆ. ಅವರು ಏನು ಮಾಡಿದರು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಚೈನಿನ ಹುಟ್ಟನ್ನು ನೋಡೋಣ. ಅದು ಹುಟ್ಟಿದ್ದು ಯುದ್ಧಭೂಮಿಯಲ್ಲಿ ಅಲ್ಲ, ಹೊಲದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಪಟ್ಟಣದಲ್ಲಿ ಬೆಂಜಮಿನ್ ಹೋಲ್ಟ್ ಎಂಬವರು ಉಗಿ ಟ್ರ್ಯಾಕ್ಟರ್ ತಯಾರಿಸುತ್ತಿದ್ದರು. ಹತ್ತಿರದ ನದೀಮುಖಜ ಭೂಮಿ ಬಹಳ ಫಲವತ್ತಾದದ್ದು, ಆದರೆ ಸ್ಪಂಜಿನಂತೆ ಮೆತ್ತಗೆ. ಭಾರವಾದ ಟ್ರ್ಯಾಕ್ಟರ್ ಅಲ್ಲಿ ಹೂತುಹೋಗುತ್ತಿತ್ತು. ಹೋಲ್ಟ್ ಚಕ್ರವನ್ನು ಅಗಲ ಮಾಡುತ್ತ ಹೋದರು. ಏಳೂವರೆ ಅಡಿ ಎತ್ತರ, ಆರು ಅಡಿ ಅಗಲದ ಚಕ್ರಗಳನ್ನು ಸಾಲಾಗಿ ಜೋಡಿಸಿ ಯಂತ್ರದ ಒಟ್ಟು ಅಗಲ ಸುಮಾರು 46 ಅಡಿಗೆ ಮುಟ್ಟಿತು. ಅಂಥದ್ದನ್ನು ತಿರುಗಿಸುವುದೆಲ್ಲಿ, ರಿಪೇರಿ ಮಾಡುವುದೆಲ್ಲಿ! ಕೊನೆಗೆ 1904ರ ನವೆಂಬರ್ 24ರಂದು ಅವರು ಹಿಂದಿನ ಚಕ್ರಗಳನ್ನೇ ತೆಗೆದು, ಮರದ ಹಲಗೆಗಳನ್ನು ಕೂಡಿಸಿದ ಚೈನನ್ನು ಹಾಕಿ ಪರೀಕ್ಷಿಸಿದರು. ಯಂತ್ರ ಹೂತುಹೋಗಲಿಲ್ಲ. ಅದು ಕಂಬಳಿಹುಳದಂತೆ ತೆವಳುವುದನ್ನು ನೋಡಿ ಬಂದ ಹೆಸರೇ 'ಕ್ಯಾಟರ್‌ಪಿಲ್ಲರ್'.

ಇದರ ಗುಟ್ಟು ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಒತ್ತಡ ಎಂದರೆ ಭಾರವನ್ನು ನೆಲಕ್ಕೆ ತಾಗುವ ವಿಸ್ತೀರ್ಣದಿಂದ ಭಾಗಿಸಿದ್ದು. ಚಕ್ರ ನೆಲವನ್ನು ಅಂಗೈಯಗಲ ಮುಟ್ಟಿದರೆ ಚೈನ್ ಚಾಪೆಯಗಲ ಮುಟ್ಟುತ್ತದೆ. ಕೆಸರುಗದ್ದೆಗೆ ಇಳಿಯುವ ನಮ್ಮ ಭತ್ತ ಕೊಯ್ಲಿನ ಯಂತ್ರಗಳಿಗೂ ಚೈನ್ ಇರುವುದು ಇದಕ್ಕಾಗಿಯೇ.

ಟ್ಯಾಂಕಿನ ಕಥೆ ನಿಮಗೆ ಗೊತ್ತಿರುವುದೇ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಬ್ರಿಟಿಷರು ಮೊದಲ ಬಾರಿಗೆ ಟ್ಯಾಂಕು ಇಳಿಸಿದರು. ಕಂದಕ ದಾಟುವುದು ಚಕ್ರದಿಂದ ಆಗದ ಮಾತಾಗಿತ್ತು. ಆದರೆ ಆ ದಿನಕ್ಕೆಂದು ಸಿದ್ಧಪಡಿಸಿದ್ದ 49 ಟ್ಯಾಂಕುಗಳಲ್ಲಿ ಹಲವು ಹೊರಡುವ ಜಾಗವನ್ನೇ ತಲುಪಲಿಲ್ಲ, ದಾರಿಯಲ್ಲೇ ಕೆಟ್ಟು ನಿಂತವು. ಚಿತ್ರದಲ್ಲಿ ಟ್ಯಾಂಕು ನೋಡಿ ಮರುಳಾಗುವವರು ಇದನ್ನೂ ನೆನಪಿಡಬೇಕು.

ಈಗ ಚಂದ್ರನಿಗೆ ಹೋಗೋಣ. 1963ರ ಸುಮಾರಿಗೆ ಸೋವಿಯತ್ ಒಕ್ಕೂಟದ ವಿಜ್ಞಾನಿಗಳು ಚಂದ್ರನ ಮೇಲೆ ಓಡಾಡುವ ಗಾಡಿಯೊಂದನ್ನು ಮಾಡಿಕೊಡಿ ಎಂದು ಲೆನಿನ್‌ಗ್ರಾಡಿನ ಒಂದು ಸಂಸ್ಥೆಯನ್ನು ಕೇಳಿದರು. ಆ ಸಂಸ್ಥೆಯ ಕಸುಬು ಯಾವುದು ಗೊತ್ತೇ? ಸೇನೆಯ ಟ್ಯಾಂಕುಗಳು! ಹೊಣೆ ಹೊತ್ತ ಎಂಜಿನಿಯರ್ ಅಲೆಕ್ಸಾಂಡರ್ ಕೆಮುರ್ಜಿಯಾನ್. ಚೈನನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಜಗತ್ತಿನಲ್ಲಿ ಕಡಿಮೆ. ಚಂದ್ರನ ನೆಲ ಹೇಗಿದೆ ಎಂದು ಆಗ ಯಾರಿಗೂ ಖಚಿತವಿರಲಿಲ್ಲ. ಅಲ್ಲಿ ಆಳವಾದ ಧೂಳಿದೆ, ಇಳಿದದ್ದೆಲ್ಲ ಮುಳುಗುತ್ತದೆ ಎಂದು ವಾದಿಸುವ ವಿಜ್ಞಾನಿಗಳೂ ಇದ್ದರು. ಹಾಗಾಗಿ ಚೈನು, ಚಕ್ರ ಎರಡನ್ನೂ ಅವರು ತೂಗಿ ನೋಡಿದರು. 1966ರ ಫೆಬ್ರವರಿಯಲ್ಲಿ ಲೂನಾ 9 ಮೆಲ್ಲಗೆ ಇಳಿದು, ಮುಳುಗದೆ ನಿಂತು, ಚಿತ್ರ ಕಳುಹಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲೂನಾ 13 ಮಣ್ಣಿಗೆ ಸಲಾಕೆ ಒತ್ತಿ ಗಟ್ಟಿತನ ಅಳೆಯಿತು. ನೆಲ ಭಾರ ತಡೆಯುತ್ತದೆ ಎಂದಾಯಿತು.

ಕೊನೆಗೆ ಟ್ಯಾಂಕಿನವರೇ ಚಕ್ರವನ್ನು ಆರಿಸಿದರು! ಎಂಟು ಚಕ್ರಗಳು, ಪ್ರತಿಯೊಂದಕ್ಕೂ ಪ್ರತ್ಯೇಕ ಮೋಟರು. ಚೈನಿನ ನಡುವೆ ಒಂದು ಕಲ್ಲು ಸಿಕ್ಕಿಕೊಂಡರೆ ಅಥವಾ ಒಂದು ಕೊಂಡಿ ಕಳಚಿದರೆ ಇಡೀ ಒಂದು ಪಕ್ಕವೇ ಸತ್ತ ಹಾಗೆ. ನಮ್ಮಲ್ಲಾದರೆ ಮೆಕ್ಯಾನಿಕ್ ಬಂದು ಸುತ್ತಿಗೆಯಿಂದ ನಾಲ್ಕು ಏಟು ಹಾಕುತ್ತಾನೆ, ಚಂದ್ರನಿಗೆ ಯಾರನ್ನು ಕಳುಹಿಸುವುದು? ಎಂಟು ಚಕ್ರಗಳಿದ್ದರೆ ಒಂದು ಕೆಟ್ಟರೂ ಏಳು ಉಳಿಯುತ್ತವೆ. ಕೆಟ್ಟ ಚಕ್ರ ಬಿಗಿದುಕೊಂಡು ಅಡ್ಡಿಯಾಗಬಾರದೆಂದು ಸಣ್ಣ ಸಿಡಿಮದ್ದಿನಿಂದ ಅದರ ದಂಡವನ್ನು ತುಂಡರಿಸಿ ಸುಮ್ಮನೆ ಉರುಳಲು ಬಿಡುವ ಏರ್ಪಾಡೂ ಇತ್ತು. ಒಂದೊಂದು ಪಕ್ಕಕ್ಕೆ ಎರಡೇ ಚಕ್ರ ಉಳಿದರೂ ಗಾಡಿ ನಡೆಯಬಲ್ಲದಾಗಿತ್ತು.

ಆ ಗಾಡಿಯೇ ಲುನಾಖೋದ್ 1. ಅದರ ತೂಕ 756 ಕಿಲೋ. 1970ರ ನವೆಂಬರ್ 17ರಂದು ಚಂದ್ರನ ಮೇಲೆ ಇಳಿದು, ಸುಮಾರು ಹತ್ತು ತಿಂಗಳು ಕೆಲಸ ಮಾಡಿ, ಹತ್ತೂವರೆ ಕಿಲೋಮೀಟರ್ ನಡೆಯಿತು. ಚಾಲಕರು ಭೂಮಿಯ ಮೇಲೆ ಕ್ರಿಮಿಯಾದಲ್ಲಿ ಕುಳಿತಿದ್ದರು. ಗಾಡಿಯ ಹಿಂಭಾಗದಲ್ಲಿ ಒಂಬತ್ತನೆಯ ಪುಟ್ಟ ಚಕ್ರವೊಂದಿತ್ತು. ಅದಕ್ಕೆ ಮೋಟರಿಲ್ಲ. ಮೋಟರಿನ ಚಕ್ರ ಮಣ್ಣಿನಲ್ಲಿ ಜಾರಿ ನಿಂತಲ್ಲೇ ಸುತ್ತಬಹುದು. ಆಗ ಅದರ ಸುತ್ತುಗಳನ್ನು ಎಣಿಸಿದರೆ ಸುಳ್ಳು ಲೆಕ್ಕ ಸಿಗುತ್ತದೆ. ಒಂಬತ್ತನೆಯದು ನಿಜವಾಗಿ ನಡೆದ ದೂರವನ್ನು ಮಾತ್ರ ಹೇಳುತ್ತಿತ್ತು. 1973ರಲ್ಲಿ ಹೋದ ಲುನಾಖೋದ್ 2 ಸುಮಾರು 39 ಕಿಲೋಮೀಟರ್ ಸಾಗಿತು.

ಹೆಚ್ಚು ಚಕ್ರಗಳಿದ್ದರೆ ಏನು ಲಾಭ ಎಂಬುದಕ್ಕೆ ಮಂಗಳ ಗ್ರಹದ ಸ್ಪಿರಿಟ್ ಒಳ್ಳೆಯ ಉದಾಹರಣೆ. 2004ರಲ್ಲಿ ಇಳಿದ ಈ ಆರು ಚಕ್ರದ ಯಂತ್ರದ ಮುಂದಿನ ಬಲಚಕ್ರ 2006ರಲ್ಲಿ ನಿಂತೇಹೋಯಿತು. ನಾಸಾದವರು ಅದನ್ನು ಹಿಮ್ಮುಖವಾಗಿ ನಡೆಸಿದರು, ಕುಂಟುವವನು ಕಾಲೆಳೆದುಕೊಂಡು ಹೋಗುವ ಹಾಗೆ. 2007ರಲ್ಲಿ ಆ ಸತ್ತ ಚಕ್ರವೇ ನೆಲವನ್ನು ಗೀರಿ, ಅಡಿಯಲ್ಲಿದ್ದ ಬಿಳಿ ಮಣ್ಣನ್ನು ಹೊರತೆಗೆಯಿತು. ಅದು ಬಹುಪಾಲು ಸಿಲಿಕಾ. ಹಿಂದೊಮ್ಮೆ ಅಲ್ಲಿ ಬಿಸಿನೀರೋ ಹಬೆಯೋ ಇದ್ದಿರಬೇಕೆಂಬುದಕ್ಕೆ ಸಾಕ್ಷಿ. ಆದರೆ 2009ರಲ್ಲಿ ಸ್ಪಿರಿಟ್ ಮೆತ್ತಗಿನ ಮರಳಿನಲ್ಲಿ ಹೂತುಹೋಯಿತು, ಮತ್ತೆ ಮೇಲೇಳಲಿಲ್ಲ. ಚಕ್ರಕ್ಕೆ ಮರಳು ಶತ್ರು ಎಂಬ ಮಾತು ಸುಳ್ಳಲ್ಲ.

ಚೈನ್ ಹೆಚ್ಚು ಅನುಕೂಲವಾಗುವ ಕೆಲಸಗಳೂ ಇವೆ. ಮೆಟ್ಟಿಲು ಹತ್ತುವುದು ಅದರಲ್ಲಿ ಮುಖ್ಯವಾದದ್ದು. 1972ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಬಾಂಬು ನಿಷ್ಕ್ರಿಯಗೊಳಿಸಲು ಬ್ರಿಟಿಷ್ ಸೇನೆ ತಂದ 'ವೀಲ್‌ಬ್ಯಾರೋ' ರೋಬೋಟ್ ವಿದ್ಯುತ್ ತಳ್ಳುಗಾಡಿಯ ಚೌಕಟ್ಟಿನ ಮೇಲೆ, ಚಕ್ರಗಳಿಂದಲೇ ಆರಂಭವಾಯಿತು. ಮುಂದಿನ ಮಾದರಿಗಳಿಗೆ ಚೈನ್ ಬಂತು. 2011ರ ಏಪ್ರಿಲಿನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಕಟ್ಟಡಗಳೊಳಗೆ ಮನುಷ್ಯರಿಗಿಂತ ಮೊದಲು ಹೋಗಿ ವಿಕಿರಣ ಅಳೆದ ಪ್ಯಾಕ್‌ಬಾಟ್‌ಗಳಿಗೂ ರಬ್ಬರ್ ಪಟ್ಟಿಯ ಚೈನುಗಳೇ ಇದ್ದವು. ಆದರೆ ಅದೇ ಫುಕುಶಿಮಾದಲ್ಲಿ 2017ರ ಫೆಬ್ರವರಿಯಲ್ಲಿ ಎರಡನೇ ಸ್ಥಾವರದೊಳಗೆ ಬಿಟ್ಟ ಚೇಳಿನಾಕಾರದ ರೋಬೋಟಿನ ಚೈನಿಗೆ ಕಸ ಸಿಕ್ಕಿ ಅದು ಅಲ್ಲೇ ನಿಂತಿತು. ಕೇಬಲ್ ಕತ್ತರಿಸಿ ಬಿಟ್ಟು ಬರಬೇಕಾಯಿತು.

ಚೆರ್ನೋಬಿಲ್ಲಿನ ವಿಷಯ ಇನ್ನೂ ಕಠಿಣ. 1986ರಲ್ಲಿ ಅಲ್ಲಿನ ಛಾವಣಿಯ ಮೇಲೆ ಬಿದ್ದಿದ್ದ ವಿಕಿರಣದ ಚೂರುಗಳನ್ನು ಕೆಳಗೆ ತಳ್ಳಲು ಪಶ್ಚಿಮ ಜರ್ಮನಿಯಿಂದ 'ಜೋಕರ್' ಎಂಬ ಚೈನಿನ ರೋಬೋಟ್ ಬಂತು. ಬೇಗನೆ ನಿಂತುಹೋಯಿತು. ಲುನಾಖೋದ್ ಮಾಡಿದ ಸಂಸ್ಥೆ ಚಕ್ರದ ರೋಬೋಟುಗಳನ್ನು ಕಳುಹಿಸಿತು, ಕೆಮುರ್ಜಿಯಾನ್ ಸ್ವತಃ ಹೋದರು. ಅವು ಸ್ವಲ್ಪ ಕೆಲಸ ಮಾಡಿದವು. ಜೋಕರ್ ಸೋತದ್ದು ಚೈನಿನಿಂದಲ್ಲ, ವಿಕಿರಣ ಅದರ ಎಲೆಕ್ಟ್ರಾನಿಕ್ಸನ್ನು ಸುಟ್ಟಿದ್ದರಿಂದ. ಉಳಿದ ಕೆಲಸವನ್ನು ಮೂರು ಸಾವಿರಕ್ಕೂ ಹೆಚ್ಚು ಸೈನಿಕರು ಸಲಿಕೆ ಹಿಡಿದು, ಸರದಿಯಂತೆ ಒಂದೆರಡು ನಿಮಿಷ ಓಡಿ ಮಾಡಿದರು. ಅವರನ್ನು 'ಜೈವಿಕ ರೋಬೋಟ್'ಗಳೆಂದು ಕರೆದರು. ಯಂತ್ರ ನಿಂತರೆ ಅದರ ಜಾಗಕ್ಕೆ ಯಾರು ಹೋಗಬೇಕಾಗುತ್ತದೆ ಎಂಬುದನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

ಇನ್ನು ನಿಮ್ಮ ರೋಬೋಟಿಗೆ ಬರೋಣ. ಅದು ಓಡುವುದು ಶಾಲೆಯ ಸಿಮೆಂಟು ನೆಲದ ಮೇಲೆ ಅಥವಾ ಮೇಜಿನ ಮೇಲೆ. ಅಲ್ಲಿ ಹೂತುಹೋಗುವ ಭಯವೇ ಇಲ್ಲ. ಚೈನ್ ಹಾಕಿದರೆ ತಿರುಗುವಾಗಲೆಲ್ಲ ಪಟ್ಟಿ ನೆಲಕ್ಕೆ ಉಜ್ಜಿ ಬ್ಯಾಟರಿ ಬೇಗ ಇಳಿಯುತ್ತದೆ, ಎಷ್ಟು ತಿರುಗಿತೆಂಬ ಲೆಕ್ಕ ತಪ್ಪುತ್ತದೆ, ತೀರ್ಪುಗಾರರು ಬಂದ ಹೊತ್ತಿಗೇ ಪಟ್ಟಿ ಕಳಚಿಕೊಂಡರೂ ಆಶ್ಚರ್ಯವಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ 1948-49ರಲ್ಲಿ ಮಾಡಿದ, ಬೆಳಕನ್ನು ಹುಡುಕಿ ಹೋಗುವ ಆಮೆ ರೋಬೋಟುಗಳಿಗೆ ಮೂರೇ ಚಕ್ರಗಳಿದ್ದವು. 2023ರಲ್ಲಿ ನಮ್ಮ ಬೆಂಗಳೂರಿನ ಇಸ್ರೋ ಚಂದ್ರನ ಮೇಲೆ ನೂರು ಮೀಟರಿಗೂ ಹೆಚ್ಚು ದೂರ ನಡೆಸಿದ 26 ಕಿಲೋ ತೂಕದ ಪ್ರಗ್ಯಾನ್‌ಗೆ ಆರು. ಗದ್ದೆಯಲ್ಲಿ, ಮರಳಿನಲ್ಲಿ ಅಥವಾ ಮೆಟ್ಟಿಲ ಮೇಲೆ ಓಡಿಸುವ ಯೋಜನೆ ನಿಮ್ಮದಾಗಿದ್ದರೆ ಮಾತ್ರ ಚೈನಿಗೆ ಹಣ ಹಾಕಿ. ಇಲ್ಲದಿದ್ದರೆ ಎರಡು ಮೋಟರಿನ ಎರಡು ಚಕ್ರ, ಹಿಂದೆ ಸುಮ್ಮನೆ ಉರುಳುವ ಒಂದು ಸಣ್ಣ ಚಕ್ರ ಸಾಕು. ಉಳಿದ ಹಣದಲ್ಲಿ ಲುನಾಖೋದಿನ ಒಂಬತ್ತನೆಯ ಚಕ್ರದಂಥದ್ದೊಂದನ್ನು ಜೋಡಿಸಿ, ಮೋಟರಿನ ಚಕ್ರದ ಲೆಕ್ಕಕ್ಕೂ ಅದರ ಲೆಕ್ಕಕ್ಕೂ ಸಿಮೆಂಟು ನೆಲದಲ್ಲಿ ಎಷ್ಟು ವ್ಯತ್ಯಾಸ, ಮೈದಾನದ ಮಣ್ಣಿನಲ್ಲಿ ಎಷ್ಟು ವ್ಯತ್ಯಾಸ ಎಂದು ಅಳೆದು ಪಟ್ಟಿ ಮಾಡಿ ತನ್ನಿ. ವಸ್ತುಪ್ರದರ್ಶನದಲ್ಲಿ ರೋಬೋಟಿನ ಪಕ್ಕಕ್ಕೆ ಆ ಪಟ್ಟಿಯನ್ನೂ ತೂಗುಹಾಕೋಣ.